ನಲವತ್ತೊಂದು ಹೆಜ್ಜೆ

“ಎಡಕ್ಕೆ ಬರ್ರಿ ಅಕ್ಕಾ, ಇಲ್ಲಿ ಚಪ್ಪಲಿ ರಾಶಿ ಬಿದ್ದೈತೆ, ಎಡವೀರಿ,” ಎನ್ನುತ್ತ ಆಟೋದವನು ಲಕ್ಷ್ಮೀದೇವಿಯ ಮೊಣಕೈ ಹಿಡಿದು ಜನರ ನಡುವೆ ದಾರಿ ಮಾಡಿದ. ಬಿಳಿಕೋಲನ್ನು ಅವಳು ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ಸಾವಿನ ಮನೆಯ ಮುಂದೆ, ಅಷ್ಟು ಜನರ ಕಾಲುಗಳ ನಡುವೆ ಕೋಲು ತಟ್ಟುತ್ತ ಹೋಗಲು ಮನಸ್ಸಾಗಿರಲಿಲ್ಲ. ತಾಳ, ದಮ್ಮಡಿಯ ಸದ್ದು ಹತ್ತಿರವಾಯಿತು. ಊದುಬತ್ತಿ, ಸೇವಂತಿಗೆ, ವಿಭೂತಿಯ ವಾಸನೆ ಒಟ್ಟಿಗೆ ಮುಖಕ್ಕೆ ಹೊಡೆಯಿತು.

“ಮೇಷ್ಟ್ರು ಎಲ್ಲಿ ಅದಾರೆ?”

“ಪಡಸಾಲ್ಯಾಗೆ ಕೂರ್ಸ್ಯಾರೆ. ನಿಮ್ಮ ನೇರಕ್ಕೇ ಅದಾರೆ ನೋಡ್ರಿ,” ಎಂದವನು ನಾಲಿಗೆ ಕಚ್ಚಿಕೊಂಡ.

ಬೆಳಿಗ್ಗೆ ಐದೂವರೆಗೆ ಸೊಕ್ಕೆ ಬಿಟ್ಟವಳು ಹೊನ್ನಾಳಿ ಮುಟ್ಟುವಾಗ ಹತ್ತು ದಾಟಿತ್ತು. ದಾವಣಗೆರೆಯ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ನಿನ್ನೆ ಬೆಳಿಗ್ಗೆ ಗುರುಬಸವರಾಜ್ ಮೇಷ್ಟ್ರು ಬಿದ್ದದ್ದು ಅದೇ ನಿಲ್ದಾಣದಲ್ಲಿ. ಎಲ್ಲಿ, ಯಾವ ಕಂಬದ ಹತ್ತಿರ ಎಂದು ಯಾರನ್ನೂ ಕೇಳುವ ಧೈರ್ಯವಾಗದೆ, ತಾನು ಕಾಲಿಟ್ಟ ಜಾಗವೇ ಅದಿರಬಹುದೆಂದುಕೊಂಡು ಇಪ್ಪತ್ತು ನಿಮಿಷ ಅಲುಗಾಡದೆ ನಿಂತಿದ್ದಳು.

“ಯಾರಮ್ಮ ನೀನು?” ಗಡಸು ದನಿಯೊಂದು ಕೇಳಿತು.

“ಸೊಕ್ಕೆಯಿಂದ ಬಂದೀನ್ರಿ. ಮೇಷ್ಟ್ರ ಹತ್ರ ಕಂಪ್ಯೂಟರ್ ಕಲಿತೋಳು.”

“ನಾನು ಅವನ ಅಣ್ಣ, ಜಯದೇವಪ್ಪ. ಯಾರ ಪೈಕಿ ನೀನು?”

ಲಕ್ಷ್ಮೀದೇವಿ ಬಗ್ಗಿ ಚಪ್ಪಲಿ ಕಳಚಿದಳು. ಜಯದೇವಪ್ಪ ಮತ್ತೆ ಕೇಳದೆ, ಅವಳ ಕೈ ಹಿಡಿದು ಮುಂದಕ್ಕೆ ಕರೆದೊಯ್ದ. “ಮುಟ್ಟಿ ನಮಸ್ಕಾರ ಮಾಡು. ನಿಂಗೆ ಬೇರೆ ಹೆಂಗೆ ನೋಡಾಕೆ ಬರತೈತೆ.”

ಎರಡು ವರ್ಷ ಅವಳಿಗೆ ಮೇಷ್ಟ್ರೆಂದರೆ ಒಂದು ದನಿ, ಕೀಲಿಮಣೆಯ ಮೇಲೆ ಓಡುವ ಬೆರಳುಗಳ ಸದ್ದು ಅಷ್ಟೇ. ಈಗ ಅವಳ ಅಂಗೈಗೆ ಒಂದು ಪಾದ ಸಿಕ್ಕಿತು. ಹಿಮ್ಮಡಿ ಒಡೆದಿತ್ತು. ಹೆಬ್ಬೆರಳಿನ ಉಗುರು ಒಂದು ಬದಿಗೆ ಬೆಳೆದಿತ್ತು. ಬಸ್ಸುಗಳಿಗಾಗಿ ನಿಂತು ನಿಂತು ಸವೆದ ಪಾದ ಅದು, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಅವಳು ಹಣೆಯಿಟ್ಟಳು. ಅಳು ಬರಲಿಲ್ಲ. ಅಳಲು ತನಗೆ ಹಕ್ಕಿಲ್ಲವೆಂದು ನಿನ್ನೆಯೇ ಅನಿಸಿಬಿಟ್ಟಿತ್ತು.

ಹೆಂಗಸರ ನಡುವೆ ಚಾಪೆಯ ತುದಿಯಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಕೂತಿದ್ದವಳು ಪಕ್ಕದ ಮನೆಯ ಭೀಮಕ್ಕ. ಬಂದವರಿಗೆಲ್ಲ ನಡೆದದ್ದನ್ನು ಹೇಳುವ ಕೆಲಸವನ್ನು ಅವಳು ತಾನಾಗಿಯೇ ಹೊತ್ತುಕೊಂಡಿದ್ದಳು.

“ನಲವತ್ತಾರೇ ವರ್ಷ ಕಣ್ರೇ. ಕಾಲೇಜಿನಾಗೆ ಹುಡುಗರಿಗೆ ಕಂಪ್ಯೂಟರ್ ತೋರಿಸೋದು, ಮನೆಗೆ ಬಂದು ಅದರ ಮುಂದೇ ಕೂರೋದು. ಭಾನುವಾರ ರಾತ್ರಿನೇ ಎದೆ ಹಿಡ್ಕಂಡಿತ್ತಂತೆ. ಡಾಕ್ಟರ ಹತ್ರ ಹೋಗಾನ ಅಂತ ಹೆಂಡ್ತಿ ಶಾಂತಲಾ ಬಡ್ಕಂಡ್ಲಂತೆ. ಕೇಳ್ಬೇಕಲ್ಲ! ಜಗಳೂರಿನಾಗೆ ಯಾವಳೋ ಒಬ್ಬಳು ಅದಾಳಂತೆ. ಬಿಟ್ಟೂ ಬಿಡದೆ ಫೋನ್ ಮಾಡಿ ಅತ್ತಳಂತೆ, ಬರ್ರಿ ಬರ್ರಿ ಅಂತ. ಮೊದಲನೇ ಬಸ್ಸಿಗೆ ಹೋದ ಪುಣ್ಯಾತ್ಮ.”

“ಏನಂತೆ ಅವಳಿಗೆ ಅಂಥದ್ದು?” ಇನ್ನೊಬ್ಬಳು ಕೇಳಿದಳು.

“ಕಂಪ್ಯೂಟರ್ ರಿಪೇರಿಯಂತೆ. ಒಂದು ಜೀವಕ್ಕಿಂತ ಹೆಚ್ಚಾತಾ ಅದು?”

ಲಕ್ಷ್ಮೀದೇವಿ ಮಡಚಿದ ಕೋಲನ್ನು ಮಡಿಲಲ್ಲಿ ಒತ್ತಿ ಹಿಡಿದಳು. ಭೀಮಕ್ಕ ಅವಳ ಕಡೆ ತಿರುಗಿ, “ನೀನು ಉಂಡು ಬಂದೀಯೇನವ್ವಾ? ಚಾ ಐತೆ, ತರಿಸಲಾ?” ಎಂದು ಅದೇ ಬಾಯಿಂದ ಮೆತ್ತಗೆ ಕೇಳಿದಳು.

*

ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಕಣ್ಣು ಕಾಣದವರಿಗಾಗಿ ಹತ್ತು ದಿನದ ಕಂಪ್ಯೂಟರ್ ಶಿಬಿರ ನಡೆದಿತ್ತು. ಕಲಿಸಬೇಕಾದವರು ಬಾರದೆ ಹೋದದ್ದರಿಂದ ಹೊನ್ನಾಳಿಯಿಂದ ಗುರುಬಸವರಾಜರನ್ನು ಕರೆಸಿದ್ದರು. ಕುರುಡರಿಗೆ ಕಲಿಸಿ ಗೊತ್ತಿಲ್ಲದ ಮನುಷ್ಯ. ಮೊದಲ ದಿನ “ಇಲ್ಲಿ ನೋಡ್ರಿ” ಎಂದು ಹತ್ತು ಸಲ ಅಂದು, ಹತ್ತು ಸಲವೂ ಕ್ಷಮೆ ಕೇಳಿದರು.

ಮೂರನೆಯ ದಿನ ಲಕ್ಷ್ಮೀದೇವಿ ಎದ್ದು ನಿಂತು ಕೇಳಿದ್ದಳು: “ಸರ್, ಈ ಕಂಪ್ಯೂಟರ್ ಅಕ್ಷರ ಇದ್ರೆ ಓದಿ ಹೇಳತೈತೆ. ಆದ್ರೆ ಕಾಗದದ ಫೋಟೋ ಹಿಡಿದು ಕಳ್ಸಿದ್ರೆ ಸುಮ್ನಾಗಿಬಿಡತೈತೆ. ಅದ್ರಾಗೆ ಅಕ್ಷರ ಇರೋದು ಅದಕ್ಕೆ ಕಾಣಂಗಿಲ್ಲ. ಅದಕ್ಕೂ ನನ್ನಂಗೇ ಆಗೇತೆ. ಏನು ಮಾಡೋದು?”

ಮೇಷ್ಟ್ರಿಗೆ ಉತ್ತರ ಗೊತ್ತಿರಲಿಲ್ಲ. ಹನ್ನೆರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಚಿತ್ರದೊಳಗಿನ ಕನ್ನಡ ಅಕ್ಷರಗಳನ್ನು ಬಿಡಿಸಿ ತೆಗೆಯುವ ತಂತ್ರಾಂಶವೊಂದು ಇದೆಯಂತೆ. ಎಲ್ಲಿಯವರೋ ಪುಣ್ಯವಂತರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರಂತೆ. ಆದರೆ ಅದಕ್ಕೆ ಒತ್ತಲು ಗುಂಡಿಯಿಲ್ಲ, ಕಿಟಕಿಯಿಲ್ಲ. ಕಪ್ಪು ಪರದೆ ತೆರೆದು, ಇಂಗ್ಲಿಷಿನಲ್ಲಿ ಅಪ್ಪಣೆಗಳನ್ನು ಒಂದೊಂದೇ ಅಕ್ಷರ ತಪ್ಪದಂತೆ ಬರೆಯಬೇಕು.

“ನೀನು ಬರೀ. ನಾನು ಹೇಳ್ತಾ ಹೋಗ್ತೀನಿ,” ಎಂದರು.

ಆ ದಿನ ಮೂರು ತಾಸು ಫೋನಿನಲ್ಲಿ ಕೂತರು. ಇಪ್ಪತ್ತಮೂರನೆಯ ಹೆಜ್ಜೆಯಲ್ಲಿ ಎರಡು ಅಡ್ಡಗೆರೆಗಳ ನಡುವೆ ಜಾಗ ಬಿಡಬಾರದಿತ್ತು, ಅವಳು ಬಿಟ್ಟಳು. ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೇನೋ ಬೈದು ನಿಂತುಬಿಟ್ಟಿತು. ಮತ್ತೆ ಮೊದಲಿಂದ ಶುರುಮಾಡಿದರು. ಮೂವತ್ತರಲ್ಲಿ ಮತ್ತೆ ತಪ್ಪಿದಾಗ ಲಕ್ಷ್ಮೀದೇವಿಗೆ ಅಳು ತಡೆಯಲಾಗಲಿಲ್ಲ.

“ನಂಗೆ ಬುದ್ಧಿ ಸಾಲದು ಸರ್. ಬಿಟ್ಟುಬಿಡ್ರಿ.”

ಆ ಕಡೆ ಮೇಷ್ಟ್ರು ಹಾಳೆ ತಿರುವುತ್ತ ಎಣಿಸುವುದು ಕೇಳಿಸಿತು. “ಹಂಗನ್ನಬ್ಯಾಡ. ನಲವತ್ತೊಂದು ಹೆಜ್ಜೆ ಅದಾವೆ ಇದ್ರಾಗೆ, ಈಗ ಎಣಿಸ್ದೆ. ಹೊಸಬರು ಎಡವಿದ್ರೆ ದಾರಿ ಮಾಡಿದೋರ ತಪ್ಪು, ನಡೆಯೋರ ತಪ್ಪಲ್ಲ. ನೀನು ಎಲ್ಲೆಲ್ಲಿ ಎಡವಿದೆ ಹೇಳು. ಬರ್ಕಂತೀನಿ.”

ಅಂದಿನಿಂದ ಅವರಿಗೆ ಅದೇ ಗೀಳಾಯಿತು. ಹತ್ತು ಅಪ್ಪಣೆಗಳನ್ನು ಒಂದು ಕಡತದಲ್ಲಿ ಕಟ್ಟಿಡುವುದು, ಅದನ್ನು ಅವಳಿಗೆ ಕಳಿಸುವುದು, ಅವಳು ಎಡವುವುದು, ಮತ್ತೆ ತಿದ್ದುವುದು. ನಲವತ್ತೊಂದು ಇದ್ದದ್ದು ಮೂವತ್ತಾಯಿತು, ಹದಿನೇಳಾಯಿತು. ಅಷ್ಟರಲ್ಲಿ ಲಕ್ಷ್ಮೀದೇವಿಗೆ ಸೊಕ್ಕೆಗೆ ಹತ್ತಿರದ ಜಗಳೂರಿನ ಕಚೇರಿಯೊಂದರಲ್ಲಿ ಕೆಲಸವಾಯಿತು. ಮೇಷ್ಟ್ರೇ ಬಸ್ಸು ಹತ್ತಿ ಬಂದು ಅಲ್ಲಿಯ ಯಂತ್ರಕ್ಕೆ ಎಲ್ಲವನ್ನೂ ಕೈಯಾರೆ ಹಾಕಿಕೊಟ್ಟರು. ಹಾಗೆ ಅವರಿಂದ ಹಾಕಿಸಿಕೊಂಡ ಕಣ್ಣು ಕಾಣದವರು ನ್ಯಾಮತಿಯಲ್ಲಿದ್ದರು, ಸಂತೇಬೆನ್ನೂರಿನಲ್ಲಿದ್ದರು, ಬಸವಾಪಟ್ಟಣದಲ್ಲಿದ್ದರು. ಯಂತ್ರ ಕೆಟ್ಟರೆ, ಬದಲಾದರೆ, ಮತ್ತೆ ಅವರೇ ಹೋಗಬೇಕು. “ನಾನು ಬರದೇನೇ ನಿಮ್ಮ ಕೈಯಾಗೆ ಆಗಂಗೆ ಮಾಡ್ಬೇಕು. ಅಲ್ಲೀತನಕ ಇದು ಮುಗಿದಂಗಲ್ಲ,” ಎನ್ನುತ್ತಿದ್ದರು.

*

ಮಧ್ಯಾಹ್ನ ಒಂದಕ್ಕೆ ಸ್ವಾಮಿಗಳು ಬಂದು ಪೂಜೆ ಮುಗಿಸಿದರು. ಹೂವಿನಿಂದ ಕಟ್ಟಿದ ವಿಮಾನದಲ್ಲಿ ಮೇಷ್ಟ್ರನ್ನು ಕೂರಿಸಿ ಎತ್ತುವಾಗ ಒಳಗಿನಿಂದ ಮುದುಕಿಯೊಬ್ಬಳ ಕೂಗು ಕೇಳಿ, ತಟ್ಟನೆ ನಿಂತುಹೋಯಿತು. ಮೇಷ್ಟ್ರ ತಾಯಿ ಕಸ್ತೂರಮ್ಮನಿಗೆ ಎಚ್ಚರ ತಪ್ಪಿದೆಯೆಂದೂ ಒಳಕೋಣೆಯಲ್ಲಿ ಮಲಗಿಸಿದ್ದಾರೆಂದೂ ಯಾರೋ ಅಂದರು.

ನ್ಯಾಮತಿ ರಸ್ತೆಯ ಅವರ ಹೊಲದ ಅಂಚಿನಲ್ಲಿ ಗುಂಡಿ ತೆಗೆದಿದ್ದರು. ಮೆರವಣಿಗೆಯ ಹಿಂದೆ ಲಕ್ಷ್ಮೀದೇವಿ ಸಂತೇಬೆನ್ನೂರಿನ ಗಿಡ್ಡಪ್ಪನ ಜೊತೆ ನಡೆದಳು. ಸಕ್ಕರೆ ಕಾಯಿಲೆಯಿಂದ ಐವತ್ತೈದಕ್ಕೆ ಕಣ್ಣು ಕಳೆದುಕೊಂಡ ಮನುಷ್ಯ. ಮಗಳ ಭುಜ ಹಿಡಿದು ಬಂದಿದ್ದ. ಫೋನಿನಲ್ಲಿ ಒಬ್ಬರಿಗೊಬ್ಬರು ಗೊತ್ತಿದ್ದರು. ಮುಖಾಮುಖಿಯಾದದ್ದು ಇವತ್ತೇ.

“ಈಗ ನಮ್ಮ ಗತಿ ಏನು ಲಕ್ಷ್ಮೀದೇವಿ?” ಗಿಡ್ಡಪ್ಪ ತಗ್ಗಿದ ದನಿಯಲ್ಲಿ ಕೇಳಿದ. “ಹತ್ತೊಂಬತ್ತು ಜನ ಅದೀವಂತೆ ನಾವು. ನನ್ನ ಕಂಪ್ಯೂಟರ್ ನಿಂತು ತಿಂಗಳಾತು. ಹೊಸದು ಮುಗೀಲಿ, ಬರ್ತೀನಿ ಅಂದಿದ್ರು. ಇಂಥ ಹೊತ್ತಿನಾಗೆ ಇದನ್ನ ಮಾತಾಡ್ತೀನಲ್ಲ, ನಾಚಿಕೆಯಾಗತೈತೆ. ಆದ್ರೂ ಬಾಯಿಗೆ ಅದೇ ಬರತೈತೆ.”

ಅವಳ ಫೋನು ನಡುಗಿತು. ಕಚೇರಿಯ ವ್ಯವಸ್ಥಾಪಕ ರೇಣುಕಪ್ರಸಾದ್. ಅವಳು ಗುಂಪಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

“ಲಕ್ಷ್ಮೀದೇವಿ, ನಾಳೆ ಹನ್ನೊಂದಕ್ಕೆ ಮೇಲಿನವರು ಬರ್ತಾರೆ. ಆ ಇಪ್ಪತ್ತಾರು ಪತ್ರಕ್ಕೆ ಟಿಪ್ಪಣಿ ಆಗ್ಯಾವೋ ಇಲ್ವೋ?”

“ಸರ್, ನಾನು ಮಣ್ಣಿಗೆ ಬಂದೀನಿ.”

“ಅಯ್ಯೋ, ಗೊತ್ತಾತಮ್ಮ. ನಾನೇನು ಕಟುಕನಲ್ಲ. ಆದ್ರೆ ನಿನ್ನ ಪರೀಕ್ಷಾ ಅವಧಿ ಈ ತಿಂಗಳಿಗೆ ಮುಗಿಯತೈತೆ. ಕೆಲಸ ಮಾಡಾಕೆ ಬರತೈತೆ ಅಂತ ನಾನು ಬರೀಬೇಕು. ಏನು ನೋಡಿ ಬರೀಲಿ? ನೀನೇ ಹೇಳು.”

ಮುಂದೆ ಗುಂಡಿಯ ಹತ್ತಿರ ಮಂತ್ರ ಶುರುವಾಗಿತ್ತು. ಅವಳು ಫೋನಿಟ್ಟಳು. ಗಿಡ್ಡಪ್ಪನ ಮಗಳು ಅವಳ ಕೈಗೆ ಒಂದು ಹಿಡಿ ಮಣ್ಣು, ನಾಲ್ಕು ಬಿಲ್ವಪತ್ರೆ ಹಾಕಿ, “ಇಲ್ಲಿಂದ ಬಿಡ್ರಿ,” ಎಂದು ಮೊಣಕೈ ಮುಂದಕ್ಕೆ ತಳ್ಳಿದಳು. ಮಣ್ಣು ಕೆಳಗೆ ಬೀಳುವ ಸದ್ದಿಗಾಗಿ ಲಕ್ಷ್ಮೀದೇವಿ ಕಿವಿಗೊಟ್ಟಳು. ಅಷ್ಟು ಹೂವಿನ ಮೇಲೆ ಬಿದ್ದದ್ದಕ್ಕೋ ಏನೋ, ಏನೂ ಕೇಳಿಸಲಿಲ್ಲ.

*

ಕಳೆದ ಶುಕ್ರವಾರ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಿದ್ದವು. ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಹಳೆಯದನ್ನು ಹೊತ್ತುಕೊಂಡು ಹೋಗಿದ್ದರು. ಎಲ್ಲರೂ ಸಂಭ್ರಮದಲ್ಲಿದ್ದರು. ಯಾರೋ ಪೇಡ ಹಂಚಿದರು. ಹೊಸ ಯಂತ್ರದ ಮುಂದೆ ಕೂತು ಮೊದಲ ಪತ್ರ ತೆರೆದಳು. ಯಂತ್ರ “ಚಿತ್ರ” ಎಂದು ಒಂದೇ ಮಾತು ಹೇಳಿ ಸುಮ್ಮನಾಯಿತು. ಎರಡನೆಯದಕ್ಕೂ ಅದೇ, ಇಪ್ಪತ್ತಾರನೆಯದಕ್ಕೂ ಅದೇ.

ಶನಿವಾರ ಒಮ್ಮೆ, ಭಾನುವಾರ ಎರಡು ಸಲ ಮೇಷ್ಟ್ರಿಗೆ ಫೋನ್ ಮಾಡಿದಳು. ಕೊನೆಯ ಸಲ ಅತ್ತದ್ದು ನಿಜ.

“ಅಳಬ್ಯಾಡ. ಒಂಬತ್ತು ಹೆಜ್ಜೆಗೆ ತಂದೀನಿ. ಇನ್ನೊಂದು ಕಡೆ ಸ್ವಲ್ಪ ನಿಲ್ಲತೈತೆ, ಬಸ್ಸಿನಾಗೆ ಕೂತು ಸರಿ ಮಾಡ್ತೀನಿ,” ಎಂದಿದ್ದರು ಮೇಷ್ಟ್ರು. “ಎದೆಯಾಗೆ ಏನೋ ಹಿಡಿದಂಗೈತೆ. ಗ್ಯಾಸ್ ಇರಬೇಕು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಬರ್ತೀನಿ.”

ಎದೆಯಾಗೆ ಹಿಡಿದಂಗೈತೆ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ದನಿ ಎಲ್ಲಿ ಸೋಲುತ್ತದೆ, ಉಸಿರು ಎಲ್ಲಿ ತುಂಡಾಗುತ್ತದೆ ಎಂದು ಹಿಡಿಯುವ ಕಿವಿ ಅವಳದು. ಆ ಉಸಿರು ಸರಿಯಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಹಂಗಾದ್ರೆ ಬರಬ್ಯಾಡ್ರಿ ಸರ್ ಎನ್ನುವ ಮಾತು ತುಟಿಯವರೆಗೂ ಬಂತು. ಆಗ ರೇಣುಕಪ್ರಸಾದರ ಇಪ್ಪತ್ತಾರು ಪತ್ರಗಳು ನೆನಪಾದವು. “ಆಯ್ತು ಸರ್, ಕಾಯ್ತಿರ್ತೀನಿ,” ಎಂದುಬಿಟ್ಟಳು.

ಸೋಮವಾರ ಒಂಬತ್ತಕ್ಕೆ, ಎಲ್ಲಿಗೆ ಬಂದಿರಿ ಎಂದು ಕೇಳಲು ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿದರು. ಹಿಂದೆ ಬಸ್ಸುಗಳ ಹಾರನ್, ಜನರ ಗದ್ದಲ.

“ಈ ಫೋನಿನೋರು ಇಲ್ಲಿ ಬಿದ್ದಾರ್ರೀ. ಆಂಬುಲೆನ್ಸ್ ಕರೆಸೀವಿ. ಮಾತಿಲ್ಲ. ನೀವು ಇವರಿಗೆ ಏನಾಗಬೇಕು?”

ಆ ಮನುಷ್ಯ ಎರಡು ಸಲ ಕೇಳಿ, ಬೈದು, ಇಟ್ಟುಬಿಟ್ಟ.

*

ಮಣ್ಣು ಮುಗಿಸಿ ಬಂದವರು ಸ್ನಾನ ಮಾಡಿದರು. ಮನೆ ತೊಳೆಯುವ ನೀರು ಮೆಟ್ಟಿಲಿಳಿದು ಅಂಗಳಕ್ಕೆ ಹರಿಯುತ್ತಿತ್ತು. ನಾಲ್ಕೂವರೆಯ ಹೊತ್ತಿಗೆ ದೂರದವರೆಲ್ಲ ಹೊರಟಿದ್ದರು. ಐದಕ್ಕೆ ದಾವಣಗೆರೆಯ ಬಸ್ಸಿತ್ತು. ಗಿಡ್ಡಪ್ಪ ಹೊರಗೆ ಕಟ್ಟೆಯ ಮೇಲೆ ಕಾಯುತ್ತೇನೆಂದ. ಲಕ್ಷ್ಮೀದೇವಿ ಗೋಡೆ ಹಿಡಿದು ಪಡಸಾಲೆಗೆ ಬಂದಳು. ಮೇಷ್ಟ್ರ ಹೆಂಡತಿ ಶಾಂತಲಾ ಅಲ್ಲಿ ಒಬ್ಬಳೇ ಕೂತಿದ್ದಾಳೆಂದು ಭೀಮಕ್ಕ ಹೇಳಿದ್ದಳು. ಒದ್ದೆ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಎದುರಿಗೆ ಅವಳು ಕೂತಳು.

“ಅಕ್ಕಾರೇ, ಆ ಜಗಳೂರಿನೋಳು ನಾನೇ.”

ತೊಟ್ಟಿಕ್ಕುವುದೊಂದೇ ಕೇಳಿಸಿತು. ಕಣ್ಣಿದ್ದವರಾದರೆ ಎದುರಿನ ಮುಖ ನೋಡಿ ಏನಾದರೂ ತಿಳಿದುಕೊಳ್ಳುತ್ತಿದ್ದರು. ಅವಳಿಗೆ ಕಾಯುವುದಲ್ಲದೆ ಬೇರೆ ದಾರಿಯಿರಲಿಲ್ಲ.

“ಗೊತ್ತೈತೆ,” ಎಂದಳು ಶಾಂತಲಾ ಕೊನೆಗೆ. “ಬೆಳಿಗ್ಗೆ ಬಾಗಿಲಾಗೆ ಮಾತಾಡಿದೆಯಲ್ಲ, ಆಗ್ಲೇ ಗೊತ್ತಾತು. ಭಾನುವಾರ ಎರಡು ಸಲ ಫೋನ್ ಎತ್ತಿ ಅವರ ಕೈಗೆ ಕೊಟ್ಟೋಳು ನಾನೇ.”

“ನೀವು ಬೈದ್ರೆ ಬೈಸ್ಕಂತೀನಿ. ಅದಕ್ಕೇ ಬಂದೆ.”

“ಅದಕ್ಕೊಂದೇ ಬಂದ್ಯಾ?”

ಲಕ್ಷ್ಮೀದೇವಿ ತಲೆ ತಗ್ಗಿಸಿದಳು. “ಅಲ್ಲ. ಅದಕ್ಕೊಂದೇ ಅಲ್ಲ,” ಎಂದಳು. ಹೇಳಿದ ಮೇಲೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

“ಬರಬ್ಯಾಡ್ರಿ ಅಂತ ಒಂದು ಮಾತು ಹೇಳಾಕೆ ಆಗಲಿಲ್ವಾ ನಿಂಗೆ?”

“ಬಾಯಿಗೆ ಬಂದಿತ್ತು ಅಕ್ಕಾರೇ. ಹೇಳಲಿಲ್ಲ.”

ಶಾಂತಲಾಳ ಉಸಿರು ಒಮ್ಮೆ ಜೋರಾಗಿ ಹೊರಬಿತ್ತು. “ನಾನು ಭಾನುವಾರ ಹೇಳಿದೆ, ಡಾಕ್ಟರ ಹತ್ರ ಹೋಗಾನ ಅಂತ. ಸೋಮವಾರ ಬೆಳಿಗ್ಗೆ ಹೇಳಲಿಲ್ಲ. ಸಿಟ್ಟು ಬಂದಿತ್ತು. ನಾಲ್ಕೂವರೆಗೆ ಎದ್ದು ಅದನ್ನೇ ಕುಟ್ಟುತಾ ಕೂತಿದ್ರು. ಪರದೆ ಆರಿಸಿ ಕತ್ತಲಾಗೆ ಕೂರೋರು, ಕಣ್ಣು ಕಾಣದೋರಿಗೆ ಹೆಂಗಾಗತೈತೆ ನೋಡಾಕೆ ಅಂತ. ಹೋಗ್ರಿ, ಹೋಗಿ ಸಾಯ್ರಿ ಅಂದೆ.”

ಹೊರಗೆ ಗಿಡ್ಡಪ್ಪ ಕೂಗಿದ, “ಲಕ್ಷ್ಮೀದೇವಿ, ಹೊತ್ತಾತು.”

ಶಾಂತಲಾ ಎದ್ದು ಹೋದಳು. ಮುಗಿಯಿತು, ಇನ್ನು ಎದ್ದು ಹೋಗಬೇಕು ಎಂದು ಲಕ್ಷ್ಮೀದೇವಿ ಕೋಲು ಬಿಡಿಸಿದಳು. ಅಷ್ಟರಲ್ಲಿ ಏನನ್ನೋ ಎಳೆದು ತಂದು ನೆಲದ ಮೇಲೆ ಇಟ್ಟ ಸದ್ದಾಯಿತು, ಜಿಪ್ ತೆರೆಯಿತು.

“ಬ್ಯಾಗ್ ನಿನ್ನೆನೇ ವಾಪಸ್ ಬಂತು. ಊಟದ ಡಬ್ಬಿ ಹಂಗೇ ಐತೆ,” ಎಂದಳು ಶಾಂತಲಾ. “ಇದರಾಗೆ ಐತಂತಲ್ಲ ಅದು. ತೆಗಿ. ಇಲ್ಲೇ ನಡೆಸು. ನಾನೂ ನೋಡ್ಬೇಕು. ಅದಕ್ಕೋಸ್ಕರ ಹೋದ್ರಲ್ಲ, ಅದು ನಡೆಯತೈತೋ ಇಲ್ವೋ ನಂಗೆ ಗೊತ್ತಾಗ್ಬೇಕು. ನಡೆದ್ರೆ ನೀನು ತಗಂಡು ಹೋಗು. ಹತ್ತೊಂಬತ್ತು ಜನಕ್ಕೂ ಕೊಡು.”

ಬ್ಯಾಗಿನಿಂದ ತೆಗೆದ ಮೇಷ್ಟ್ರ ಲ್ಯಾಪ್‌ಟಾಪು ಚಾಲೂ ಆಯಿತು. ಶಾಂತಲಾ ವೈರು ಸಿಕ್ಕಿಸಿ, ಪರದೆಯ ಮೇಲಿದ್ದ ಕಡತಗಳ ಹೆಸರುಗಳನ್ನು ಓದಿದಳು. “ಕೊನೆಯದು” ಎಂದೊಂದಿತ್ತು. ಲಕ್ಷ್ಮೀದೇವಿ ಬೆರಳು ಸರಿಸಿ ಗುಂಡಿ ಒತ್ತಿದಳು. ಯಂತ್ರದ ಚಪ್ಪಟೆ ದನಿಗಾಗಿ ಕಿವಿಗೊಟ್ಟಿದ್ದಳು.

“ನಮಸ್ಕಾರ್ರೀ,” ಎಂದರು ಗುರುಬಸವರಾಜ್ ಮೇಷ್ಟ್ರು.

ಶಾಂತಲಾ “ಅಯ್ಯೋ” ಎಂದು ಅವಳ ತೋಳು ಹಿಡಿದುಕೊಂಡಳು.

“ಹೆದರಬ್ಯಾಡ್ರಿ. ನೀವು ಏನೂ ಬರೀಬೇಕಾಗಿಲ್ಲ. ನಾನು ಹೇಳ್ದಾಗ ಎಂಟರ್ ಗುಂಡಿ ಒತ್ತಿದ್ರೆ ಸಾಕು. ಈಗ ಒಂದ್ಸಲ ಒತ್ರಿ.”

ಹೊಸಬರಿಗೆ ಯಂತ್ರದ ದನಿ ಹೆದರಿಸುತ್ತದೆಂದು ತಮ್ಮ ದನಿಯನ್ನೇ ತುಂಬಿಟ್ಟಿದ್ದರು. ಲಕ್ಷ್ಮೀದೇವಿ ಎಂಟರ್ ಒತ್ತಿದಳು.

“ಛಲೋ ಆತು. ಈಗ ಪರದೆ ಕಪ್ಪಾಗತೈತೆ. ಪಕ್ಕದಾಗೆ ಯಾರಾದ್ರೂ ಇದ್ರೆ ಕೆಟ್ಟೋಯ್ತು ಅಂತ ಗಾಬರಿ ಬೀಳತಾರೆ. ಕೆಟ್ಟಿಲ್ಲ ಅಂತ ಅವರಿಗೆ ಹೇಳ್ರಿ. ಮತ್ತೆ ಒತ್ರಿ.”

ಮೂರನೆಯದೂ ಆಯಿತು. ನಾಲ್ಕನೆಯದಕ್ಕೆ ಒಳಗಿನ ಫ್ಯಾನು ಜೋರಾಗಿ ತಿರುಗತೊಡಗಿತು.

“ಈಗ ಸ್ವಲ್ಪ ಹೊತ್ತು ಹಿಡಿಯತೈತೆ. ಏನೂ ಮುಟ್ಟಬ್ಯಾಡ್ರಿ, ಕಾಯ್ರಿ. ಆದ ಮೇಲೆ ನಾನೇ ಹೇಳ್ತೀನಿ.”

ಕಾದರು. ಫ್ಯಾನಿನ ಸದ್ದು ಏರಿತು, ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆಮೇಲೆ ಇಳಿಯುತ್ತ ಬಂದು ನಿಂತಿತು. ಮೇಷ್ಟ್ರು ಮಾತಾಡಲಿಲ್ಲ.

“ಏನು ಬಂದೈತೆ ಅಕ್ಕಾರೇ ಪರದೆ ಮೇಲೆ?”

“ಇಂಗ್ಲಿಷ್ ಐತೆ. ಕೆಂಪು ಅಕ್ಷರ, ನಾಲ್ಕು ಸಾಲು. ಮೊದಲನೇದು ಎರರ್ ಅಂತ ಐತೆ.” ಶಾಂತಲಾಳ ದನಿ ಒಡೆಯಿತು. “ಸೋಮವಾರ ಬೆಳಿಗ್ಗೆ ನನ್ನನ್ನ ಕೂರಿಸಿ ಒತ್ತಿಸಿದಾಗ್ಲೂ ಹಿಂಗೇ ಆಗಿತ್ತು. ಬಸ್ಸಿನಾಗೆ ಸರಿ ಮಾಡ್ತೀನಿ ಅಂದಿದ್ರು.”

ಲಕ್ಷ್ಮೀದೇವಿ ಮೊದಲಿಂದ ಶುರುಮಾಡಿದಳು. ಮೇಷ್ಟ್ರು ಮತ್ತೆ ನಮಸ್ಕಾರವೆಂದರು, ಹೆದರಬ್ಯಾಡ್ರಿ ಎಂದರು, ಕಾಯ್ರಿ ಎಂದರು. ಫ್ಯಾನು ಮತ್ತೆ ಅಲ್ಲಿಯೇ ನಿಂತಿತು. ಅದನ್ನು ತಿದ್ದಬಲ್ಲವರು ಯಾರೂ ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಗಿಡ್ಡಪ್ಪನ ಮಗಳು ಬಂದು ಬಾಗಿಲಲ್ಲಿ ಏನೋ ಕೇಳಿ, ಉತ್ತರ ಸಿಗದೆ ಹೋದಳು.

ಒಳಕೋಣೆಯ ಬಾಗಿಲು ಕಿರುಗುಟ್ಟಿತು. ಗೋಡೆಯನ್ನು ಅಂಗೈಯಿಂದ ಸವರುತ್ತ ಒಬ್ಬರು ನಿಧಾನಕ್ಕೆ ಬಂದರು. ಕಸ್ತೂರಮ್ಮ.

“ಬಸವರಾಜನ ದನಿ ಕೇಳಿಸ್ತಲ್ಲೇ ಶಾಂತಲಾ?”

ಶಾಂತಲಾ ಬಾಯಿಗೆ ಸೆರಗು ಒತ್ತಿಕೊಂಡದ್ದು ಕೇಳಿಸಿತು. ಮುದುಕಿ ಲಕ್ಷ್ಮೀದೇವಿಯ ಭುಜದ ಮೇಲೆ ಭಾರ ಬಿಟ್ಟು, ಮಂಡಿ ಮಡಚಲಾಗದೆ ನರಳಿ, ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು.

“ಏನಂದ ಅವ್ನು?”

“ಕಾಯ್ರಿ ಅಂದ್ರು, ಅಮ್ಮಾ,” ಎಂದಳು ಲಕ್ಷ್ಮೀದೇವಿ.

“ಹೂಂ,” ಎಂದಳು ಕಸ್ತೂರಮ್ಮ. ಕಾಲು ನೀಡಿಕೊಂಡಳು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಮುಖ ಲ್ಯಾಪ್‌ಟಾಪಿನ ಕಡೆ ತಿರುಗಿದ್ದು ಉಸಿರಿನಿಂದ ಗೊತ್ತಾಯಿತು. ದಾವಣಗೆರೆಯ ಬಸ್ಸು ಹಾರನ್ ಹಾಕುತ್ತ ರಸ್ತೆಯ ಕೊನೆಯಲ್ಲಿ ದಾಟಿಹೋಯಿತು. ಮುಚ್ಚಳ ಮುಚ್ಚಲೆಂದು ಚಾಚಿದ ಶಾಂತಲಾಳ ಕೈ ಲಕ್ಷ್ಮೀದೇವಿಯ ಕೈಗೆ ತಾಗಿತು, ಅಲ್ಲಿಂದ ಮುಂದೆ ಹೋಗಲಿಲ್ಲ.